ಎಂ.ಬಿ.ಎ. ಪ್ರವೇಶ ಪರೀಕ್ಷೆ: ನಮ್ಮ ಮಕ್ಕಳು ಓದಬೇಕಾದುದೇನು, ಸರ್ಕಾರ ಮಾಡಬೇಕಾದುದೇನು?

ವ್ಯಾಪಾರ ಕಲಿಸುವ ಶಾಲೆಗೆ ಸೇರಲು ಬರೆಯುವ ಪರೀಕ್ಷೆಯಲ್ಲಿ ವ್ಯಾಪಾರದ ಪ್ರಶ್ನೆ ಬರುವುದೇ ಅಪರೂಪ. ಕಿರ್ದಿ ಬರೆಯುವುದು ಹೇಗೆ, ಖಾತೆ ಎತ್ತುವುದು ಹೇಗೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳುವುದು ನಾಲ್ಕೇ ವಿಷಯ: ಇಂಗ್ಲಿಷ್, ಲೆಕ್ಕ, ತರ್ಕ, ಸಾಮಾನ್ಯ ಜ್ಞಾನ. ಈ ಒಂದು ಸಂಗತಿ ತಿಳಿಯದೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಬಡ ಮನೆಗಳು ಕಾಲವನ್ನೂ ಹಣವನ್ನೂ ಕಳೆದುಕೊಳ್ಳುತ್ತಿವೆ. ಆದ್ದರಿಂದ ಈ ವಾರ ಬೇರೆ ರಾಜಕೀಯ ಬದಿಗಿಟ್ಟು ಈ ಮಾತನ್ನೇ ಬರೆಯಲು ಹೊರಟಿದ್ದೇವೆ. ಇದರಲ್ಲಿ ರಾಜಕೀಯವಿಲ್ಲವೇ ಎಂಬುದು ಓದುತ್ತ ಹೋದಂತೆ ಓದುಗರಿಗೇ ಗೊತ್ತಾದೀತು.

ಮೊದಲು ಒಂದು ತಪ್ಪು ನಂಬಿಕೆಯನ್ನು ತೆಗೆದುಹಾಕಬೇಕು. ಎಂ.ಬಿ.ಎ. ಮಾಡಬೇಕಾದರೆ ಬಿ.ಕಾಂ. ಓದಿರಲೇಬೇಕೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಯಾವುದೇ ಪದವಿ ಆಗಬಹುದು. ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿದ ಹುಡುಗಿಯೂ, ಬಿ.ಎಸ್‌ಸಿ. ಮಾಡಿದ ಹುಡುಗನೂ ಅರ್ಜಿ ಹಾಕಬಹುದು. ನೂರಕ್ಕೆ 50 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 45 ಸಾಕು. ನಮ್ಮ ರಾಜ್ಯದ ಪರೀಕ್ಷೆಯಲ್ಲಿ ಪ್ರವರ್ಗ ಒಂದರವರಿಗೂ 45 ಸಾಕು.

ಪರೀಕ್ಷೆ ಒಂದಲ್ಲ, ಹಲವು. ನಮ್ಮವರಿಗೆ ಮುಖ್ಯವಾದದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿ.ಜಿ.ಸಿ.ಇ.ಟಿ. ವಿಶ್ವವಿದ್ಯಾಲಯಗಳ ವಿಭಾಗಗಳ ಸೀಟು, ಖಾಸಗಿ ಕಾಲೇಜುಗಳಲ್ಲಿರುವ ಸರ್ಕಾರಿ ಪಾಲಿನ ಸೀಟು ಎರಡೂ ಇದರ ರ‍್ಯಾಂಕಿನ ಮೇಲೆ ಹಂಚಿಕೆಯಾಗುತ್ತವೆ. ನೂರು ಪ್ರಶ್ನೆ, ನೂರು ಅಂಕ, ಎರಡು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬಾರದು. ಖಾಸಗಿ ಕಾಲೇಜುಗಳ ಒಕ್ಕೂಟ ಕೆ-ಮ್ಯಾಟ್ ನಡೆಸುತ್ತದೆ. ಕೇಂದ್ರದ ಸಂಸ್ಥೆಯೊಂದು ಸಿ-ಮ್ಯಾಟ್ ನಡೆಸುತ್ತದೆ. ಎಲ್ಲಕ್ಕೂ ಮೇಲೆ ಕ್ಯಾಟ್ ಇದೆ. 1961ರಲ್ಲಿ ಕಲ್ಕತ್ತೆ ಮತ್ತು ಅಹಮದಾಬಾದಿನಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಸರ್ಕಾರವೇ ಕಟ್ಟಿಸಿದ, ಆಮೇಲೆ ಬೇರೆ ಊರುಗಳಿಗೂ ಹಬ್ಬಿದ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ಹೋಗುವ ದಾರಿ ಅದು. 2024ರ ಕ್ಯಾಟ್‌ನಲ್ಲಿ 68 ಪ್ರಶ್ನೆ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಸರಿಯಾದರೆ ಮೂರು ಅಂಕ. ಆಯ್ಕೆ ಕೊಟ್ಟ ಪ್ರಶ್ನೆಯಲ್ಲಿ ತಪ್ಪಾದರೆ ಒಂದು ಅಂಕ ಹೋಯಿತು. ಕ್ಯಾಟ್‌ನಲ್ಲಿ ಸಾಮಾನ್ಯ ಜ್ಞಾನದ ಭಾಗವೇ ಇಲ್ಲ. ಪಿ.ಜಿ.ಸಿ.ಇ.ಟಿ.ಯಲ್ಲಿ ಇದೆ. ಎರಡಕ್ಕೂ ಒಂದೇ ರೀತಿ ಓದಿದರೆ ಕೆಟ್ಟೆವು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಓದುಗರು ಹೆದರುವುದು ಇದಕ್ಕೇ, ಹೆದರಬೇಕಾಗಿಲ್ಲದ್ದೂ ಇದಕ್ಕೇ. ಪಿ.ಜಿ.ಸಿ.ಇ.ಟಿ.ಯಲ್ಲಿ ಕೇಳುವ ಲೆಕ್ಕ ಹೆಚ್ಚುಪಾಲು ಪ್ರೌಢಶಾಲೆಯ ಲೆಕ್ಕ. ಶೇಕಡ, ಲಾಭ ನಷ್ಟ, ಅನುಪಾತ, ಸರಾಸರಿ, ಮಿಶ್ರಣ, ಕೆಲಸ ಮತ್ತು ಕಾಲ, ಸರಳ ಬಡ್ಡಿ, ಚಕ್ರಬಡ್ಡಿ. ಮಂಡಿಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಗಿರಣಿಯ ಗೇಟಿನಲ್ಲಿ ಬೆಳೆದ ಮಕ್ಕಳಿಗೆ ಇವು ಹೊಸವೇ? ಕಿಲೋಗೆ 40 ರೂಪಾಯಿಯ ಅಕ್ಕಿಯನ್ನೂ 55 ರೂಪಾಯಿಯ ಅಕ್ಕಿಯನ್ನೂ ಬೆರೆಸಿ 45ಕ್ಕೆ ಬೀಳುವಂತೆ ಮಾಡಬೇಕಾದರೆ ಯಾವ ಪ್ರಮಾಣದಲ್ಲಿ ಬೆರೆಸಬೇಕು? ಅಗ್ಗದ್ದು ಎರಡು ಪಾಲು, ತುಟ್ಟಿಯದು ಒಂದು ಪಾಲು. ಅಂಗಡಿಯಾತ ಇದನ್ನು ಬಾಯಿಲೆಕ್ಕದಲ್ಲಿ ಹೇಳಿಯಾನು. ಅದೇ ಪ್ರಶ್ನೆ ಪರೀಕ್ಷೆಯಲ್ಲಿ ‘ಆಲಿಗೇಶನ್’ ಎಂಬ ಹೆಸರು ಹೊತ್ತು ಬಂದರೆ ಅವನ ಮಗ ಪೆನ್ನು ಕೆಳಗಿಡುತ್ತಾನೆ. ಹನ್ನೆರಡು ಜನ ಹಮಾಲರು ನಾಲ್ಕು ಗಂಟೆಯಲ್ಲಿ ಇಳಿಸುವ ಲೋಡನ್ನು ಎಂಟು ಜನ ಎಷ್ಟು ಹೊತ್ತಿನಲ್ಲಿ ಇಳಿಸುತ್ತಾರೆ? ಆರು ಗಂಟೆ. ಇದಕ್ಕೆ ಕೋಚಿಂಗ್ ಬೇಕೆ? (ಆ ಎರಡು ಗಂಟೆಯ ಹೆಚ್ಚುವರಿ ಕೂಲಿಯನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಯಾವ ಪತ್ರಿಕೆಯಲ್ಲೂ ನಾವು ಕಂಡಿಲ್ಲ.)

ಬಡ್ಡಿಯ ಲೆಕ್ಕವಂತೂ ನಮ್ಮ ಜನ ಬೆನ್ನ ಮೇಲೆ ಹೊತ್ತು ಕಲಿತದ್ದು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದು ಸಾಲ ತಂದವನಿಗೆ ವರ್ಷಕ್ಕೆ 36 ರೂಪಾಯಿ ಬಡ್ಡಿ. ತಿಂಗಳ ಬಡ್ಡಿ ಕಟ್ಟದೆ ಅದನ್ನು ಅಸಲಿಗೆ ಸೇರಿಸುತ್ತ ಹೋದರೆ ವರ್ಷದ ಕೊನೆಗೆ ಬಡ್ಡಿಯೇ 42 ರೂಪಾಯಿ 58 ಪೈಸೆ ಆಗುತ್ತದೆ. ಸರಳ ಬಡ್ಡಿಗೂ ಚಕ್ರಬಡ್ಡಿಗೂ ಇರುವ ಅಂತರ ಇದೇ. ಪುಸ್ತಕದಲ್ಲಿ ಸೂತ್ರ ಉರುಹೊಡೆಯುವ ಮೊದಲು ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಮನೆಯ ಸಾಲದ ಚೀಟಿಯನ್ನೇ ಬಿಡಿಸಿ ತೋರಿಸಿರಿ. ಪಿಗ್ಮಿ ಕಟ್ಟುವ ಅಂಗಡಿಯವರು ಪಿಗ್ಮಿ ಪುಸ್ತಕ ತೋರಿಸಿರಿ. ಹಬ್ಬದ ಬಟ್ಟೆ ಅಂಗಡಿಯವರು ಬೆಲೆಯನ್ನು ನೂರಕ್ಕೆ 20 ಏರಿಸಿ, ಮೇಲೆ ನೂರಕ್ಕೆ 20 ಸೋಡಿ ಎಂದು ಹಲಗೆ ಹಾಕಿದರೆ ನೂರರ ಮಾಲು 96ಕ್ಕೆ ಬಂತು, ನೂರಕ್ಕಲ್ಲ. ಇಂಥ ಪ್ರಶ್ನೆ ಈ ಪರೀಕ್ಷೆಗಳಿಗೆ ಅಚ್ಚುಮೆಚ್ಚು.

ಪುಸ್ತಕ ಯಾವುದು ಎಂದು ಕೇಳುವವರಿಗೆ ನಮ್ಮ ಉತ್ತರ: ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಸರ್ಕಾರಿ ಗಣಿತ ಪುಸ್ತಕಗಳು. ಕನ್ನಡ ಮಾಧ್ಯಮದ್ದೂ ಇಂಗ್ಲಿಷ್ ಮಾಧ್ಯಮದ್ದೂ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಬೇಕು. ಪಾಠ ಒಂದೇ, ಲೆಕ್ಕ ಒಂದೇ, ಮಾತು ಮಾತ್ರ ಬೇರೆ. ಒಂದು ನೋಟುಪುಸ್ತಕದ ಹಾಳೆಯನ್ನು ಎರಡು ಕಂಬ ಮಾಡಿ ಎಡಕ್ಕೆ ಕನ್ನಡದ ಶಬ್ದ, ಬಲಕ್ಕೆ ಇಂಗ್ಲಿಷಿನ ಶಬ್ದ ಬರೆದುಕೊಳ್ಳಬೇಕು. ಅನುಪಾತಕ್ಕೆ ರೇಶಿಯೋ, ಸರಾಸರಿಗೆ ಆವರೇಜ್, ಸೋಡಿಗೆ ಡಿಸ್ಕೌಂಟ್. ಅಸಲಿಗೆ ಇಂಗ್ಲಿಷಿನಲ್ಲಿ ‘ಪ್ರಿನ್ಸಿಪಲ್’ ಎನ್ನುತ್ತಾರೆ. ಕಾಲೇಜಿನ ಪ್ರಿನ್ಸಿಪಾಲರನ್ನಷ್ಟೇ ಬಲ್ಲ ಹುಡುಗ ಬಡ್ಡಿ ಲೆಕ್ಕದಲ್ಲಿ ಅವರಿಗೇನು ಕೆಲಸವೆಂದು ತಬ್ಬಿಬ್ಬಾದರೆ ತಪ್ಪು ಹುಡುಗನದಲ್ಲ. ನೂರು ನೂರೈವತ್ತು ಶಬ್ದಗಳಾದರೆ ಲೆಕ್ಕದ ಇಂಗ್ಲಿಷ್ ಮುಗಿಯಿತು. ಕ್ಯಾಟ್‌ಗೆ ಕೂರುವವರು ಬೀಜಗಣಿತ, ರೇಖಾಗಣಿತ, ಸಂಖ್ಯೆಗಳ ಗುಣ ಇವನ್ನು ಇನ್ನೂ ಆಳವಾಗಿ ಮಾಡಬೇಕಾಗುತ್ತದೆ. ಅಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೊಡುತ್ತಾರೆ, ಆದರೆ ಅದನ್ನೇ ನಂಬಿ ಕುಳಿತರೆ 40 ನಿಮಿಷ ಸಾಲದು.

ಕೋಷ್ಟಕ ಮತ್ತು ನಕ್ಷೆ ಓದುವ ಪ್ರಶ್ನೆಗಳು ಇನ್ನೊಂದು ಗುಂಪು. ಐದು ವಾರಗಳ ಮೆಕ್ಕೆಜೋಳದ ಆವಕ, ಬೆಲೆ, ಮಾರಾಟ ಇವನ್ನು ಪಟ್ಟಿ ಮಾಡಿ ಯಾವ ವಾರ ಹೆಚ್ಚು ಏರಿತು ಎಂದು ಕೇಳಿದ ಹಾಗೆ. ದಾವಣಗೆರೆಯ ಕೃಷಿ ಮಾರುಕಟ್ಟೆಯ ದರದ ಪಟ್ಟಿಯನ್ನು ದಿನವೂ ನೋಡುವ ಜಗಳೂರಿನ ರೈತನ ಮನೆಯಲ್ಲಿ ಇದಕ್ಕೆ ಅಭ್ಯಾಸ ಪುಸ್ತಕ ಬೇರೆ ಬೇಡ. ತರ್ಕದ ಭಾಗದಲ್ಲಿ ಮೇಜಿನ ಸುತ್ತ ಯಾರ ಪಕ್ಕ ಯಾರು ಕುಳಿತರು, ಅವಳ ಅತ್ತೆಯ ಮಗನ ಅಕ್ಕ ಇವನಿಗೆ ಏನಾಗಬೇಕು ಎಂಬ ಒಗಟುಗಳು. ಇದು ಅಭ್ಯಾಸ ಬಲ. ದಿನಕ್ಕೆ ಹತ್ತು ಬಿಡಿಸಿದರೆ ಮೂರು ತಿಂಗಳಲ್ಲಿ ಕೈ ಓಡುತ್ತದೆ. ಒಂದು ಎಚ್ಚರ ಹೇಳಬೇಕು: ನಮ್ಮಲ್ಲಿ ಅತ್ತೆ, ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮ ಬೇರೆ ಬೇರೆ. ಇಂಗ್ಲಿಷಿನಲ್ಲಿ ಎಲ್ಲರೂ ‘ಆಂಟಿ’. ಪ್ರಶ್ನೆ ಓದುವಾಗ ಇದನ್ನು ನೆನಪಿಡಬೇಕು.

ಸಾಮಾನ್ಯ ಜ್ಞಾನಕ್ಕೆ ಕನ್ನಡ ದಿನಪತ್ರಿಕೆ ಧಾರಾಳವಾಗಿ ಸಾಕು. ಮುಂಗಡಪತ್ರ, ರಿಸರ್ವ್ ಬ್ಯಾಂಕಿನ ಬಡ್ಡಿ ದರ, ಪ್ರಶಸ್ತಿಗಳು, ಕಂಪನಿಗಳ ಹೆಸರು, ಸಂವಿಧಾನದ ನಾಲ್ಕು ಮಾತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದದ್ದು, 2025ರ ಸೆಪ್ಟೆಂಬರ್ 22ರಿಂದ ಅದರ ದರದ ಹಂತಗಳು ಬದಲಾದದ್ದು ಸಣ್ಣ ವ್ಯಾಪಾರಿಗೆ ಮರೆಯುವ ದಿನಗಳೇ ಅಲ್ಲ.

ಉಳಿಯಿತು ಇಂಗ್ಲಿಷ್. ಬಾಗಿಲಿಗೆ ಅಗುಳಿ ಹಾಕಿರುವುದು ಇಲ್ಲೇ.

ಓದುವುದೇನು ಎಂದರೆ: ಒಂದು ಪುಟದ ಬರಹ ಓದಿ ಅರ್ಥ ಹೇಳುವುದು, ಒಂದೇ ಅರ್ಥದ ಮತ್ತು ವಿರುದ್ಧ ಅರ್ಥದ ಶಬ್ದಗಳು, ವಾಕ್ಯದ ತಪ್ಪು ತಿದ್ದುವುದು, ಚೆಲ್ಲಾಪಿಲ್ಲಿಯಾದ ವಾಕ್ಯಗಳನ್ನು ಕ್ರಮಕ್ಕೆ ತರುವುದು. ಇದಕ್ಕೆ ವ್ಯಾಕರಣ ಪುಸ್ತಕವನ್ನು ಕಂಠಪಾಠ ಮಾಡುವುದಕ್ಕಿಂತ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ದಿನವೂ ಗಟ್ಟಿಯಾಗಿ ಓದಿ ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಮೇಲು. ಕನ್ನಡದಲ್ಲಿ ಬರೆಯಲು ಬಂದರೆ ಅರ್ಥವಾಗಿದೆ ಎಂದು ತಿಳಿಯಬೇಕು. ಬರೆಯಲು ಬಾರದಿದ್ದರೆ ಬರಿಯ ಉಚ್ಚಾರಣೆ ಆಯಿತು. ಆರು ತಿಂಗಳು ಬಿಡದೆ ಮಾಡಬೇಕು. ಎರಡು ವಾರದಲ್ಲಿ ಇಂಗ್ಲಿಷ್ ಕಲಿಸುತ್ತೇವೆಂದು ಗೋಡೆಗೆ ಅಂಟಿಸುವ ಚೀಟಿಗಳಿಗೆ ಮರುಳಾಗಬೇಡಿರಿ.

ಇಷ್ಟು ಮಕ್ಕಳಿಗೆ ಹೇಳಿದ್ದಾಯಿತು. ಇನ್ನು ಸರ್ಕಾರಕ್ಕೆ ಹೇಳಬೇಕಾದ್ದು ಇದೆ.

ಇಂಗ್ಲಿಷ್ ಭಾಗ ಇರಲಿ, ಅದಕ್ಕೆ ನಮ್ಮ ತಕರಾರಿಲ್ಲ. ವ್ಯಾಪಾರದ ಪತ್ರವ್ಯವಹಾರ ಇಂಗ್ಲಿಷಿನಲ್ಲಿದೆ, ಆ ಭಾಷೆ ಬೇಕು ಎನ್ನುವವರ ಮಾತನ್ನು ಒಪ್ಪೋಣ. ಆದರೆ ಇಂಗ್ಲಿಷನ್ನು ಇಂಗ್ಲಿಷಿನ ಭಾಗದಲ್ಲಿ ಪರೀಕ್ಷಿಸಿದ ಮೇಲೆ ಲೆಕ್ಕದಲ್ಲೂ ಅದನ್ನೇ ಯಾಕೆ ಪರೀಕ್ಷಿಸಬೇಕು? ಅಕ್ಕಿ ಬೆರೆಸುವ ಲೆಕ್ಕ ಗೊತ್ತಿರುವ ಹುಡುಗಿಗೆ ಪ್ರಶ್ನೆಯ ವಾಕ್ಯ ಅರ್ಥವಾಗದೆ ಅಂಕ ಹೋದರೆ ಅಲ್ಲಿ ಅಳೆದದ್ದು ಲೆಕ್ಕವನ್ನಲ್ಲ. ನಾಲ್ಕು ವಿಷಯಗಳ ಪರೀಕ್ಷೆ ಎಂದು ಹೆಸರು, ನಾಲ್ಕರಲ್ಲೂ ಪರೀಕ್ಷೆಯಾಗುವುದು ಒಂದೇ ವಿಷಯ. ಪಿ.ಜಿ.ಸಿ.ಇ.ಟಿ. ದೆಹಲಿಯ ಪರೀಕ್ಷೆಯಲ್ಲ, ಕರ್ನಾಟಕ ಸರ್ಕಾರದ ಪ್ರಾಧಿಕಾರ, ಕರ್ನಾಟಕದ ಸೀಟುಗಳಿಗೆ, ಬಹುಪಾಲು ಕರ್ನಾಟಕದ ಮಕ್ಕಳಿಗೆ ನಡೆಸುವ ಪರೀಕ್ಷೆ. ಇದರ ಎಂ.ಬಿ.ಎ. ಪತ್ರಿಕೆಯಲ್ಲಿ ಲೆಕ್ಕ, ತರ್ಕ, ಸಾಮಾನ್ಯ ಜ್ಞಾನ ಈ ಮೂರು ಭಾಗಗಳು ಕನ್ನಡದಲ್ಲೂ ಅಚ್ಚಾಗಬೇಕು.

ಆಗುವುದಿಲ್ಲ ಎನ್ನುವವರು ಬೇರೆ ಪರೀಕ್ಷೆಗಳ ಕಡೆ ನೋಡಲಿ. ಡಾಕ್ಟರಾಗಲು ಬರೆಯುವ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲೂ ಇದೆ. ಎಂಜಿನಿಯರಾಗಲು ಬರೆಯುವ ಜೆ.ಇ.ಇ. ಮೇನ್ 2021ರಿಂದ ಕನ್ನಡದಲ್ಲೂ ಇದೆ. ಗ್ರಾಮೀಣ ಬ್ಯಾಂಕುಗಳ ನೌಕರಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ 2019ರಲ್ಲಿ ಸಂಸತ್ತಿನಲ್ಲಿ ಸಾರಿತು. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ನಡೆಯುತ್ತಿದೆ. ಹೃದಯದ ರಕ್ತನಾಳಗಳ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬಹುದಂತೆ, ಲಾಭ ನಷ್ಟದ ಪ್ರಶ್ನೆಯನ್ನು ಕೇಳಲಾಗದಂತೆ! ಲಾಭ, ನಷ್ಟ, ಅಸಲು, ಬಡ್ಡಿ, ದರ, ಸರಕು ಇವೆಲ್ಲ ನಮ್ಮ ಸಂತೆಗಳಲ್ಲಿ ಇಂಗ್ಲಿಷರು ಬರುವ ಮೊದಲೇ ಇದ್ದ ಶಬ್ದಗಳು. ನ್ಯಾಮತಿಯಂಥ ಊರು ಮಲೆನಾಡಿಗೂ ಬಯಲುಸೀಮೆಗೂ ನಡುವೆ ವ್ಯಾಪಾರದಿಂದಲೇ ಬಾಳಿದ್ದು. ಅಲ್ಲಿನ ಲೆಕ್ಕವೆಲ್ಲ ಯಾವ ಭಾಷೆಯಲ್ಲಿ ನಡೆಯಿತು?

ಭಾಷಾಂತರ ಕೆಟ್ಟು ಹೋಗುತ್ತದೆ ಎಂಬ ಆಕ್ಷೇಪಕ್ಕೆ ಮಾತ್ರ ಬಲವಿದೆ. 2024ರ ಆಗಸ್ಟ್ 27ರಂದು ಲೋಕಸೇವಾ ಆಯೋಗ ನಡೆಸಿದ ಕೆ.ಎ.ಎಸ್. ಪೂರ್ವಭಾವಿ ಪರೀಕ್ಷೆಯ ಕನ್ನಡ ಎಷ್ಟು ಹದಗೆಟ್ಟಿತ್ತೆಂದರೆ ಸರ್ಕಾರ ಮರುಪರೀಕ್ಷೆಗೆ ಆಜ್ಞೆ ಮಾಡಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳ ದೂರು ತಪ್ಪಲಿಲ್ಲ. ಅದರ ಪಾಠ ಕನ್ನಡವನ್ನು ಬಿಡುವುದೇ? ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆಸಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿರಿ. ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮಕ್ಕೆ ಗಣಿತ ಕಲಿಸುವ ಮೇಷ್ಟರುಗಳು ರಾಜ್ಯದಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಹತ್ತು ಜನರನ್ನು ಕರೆದು ಕೂರಿಸಿದರೆ ಕೆಲಸ ಮುಗಿಯಿತು.

ಈ ಸೀಮೆಗೆ ಈ ಮಾತು ಹೊಸದಲ್ಲ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದವರಾಗಿ ಲೋಕಸಭೆಗೆ ಹೋಗಿ, ಅಲ್ಲಿ ಎದ್ದು ನಿಂತು ಕನ್ನಡದಲ್ಲೇ ಮಾತನಾಡಿದರು. ಆ ಸಭೆಯಲ್ಲಿ ಕನ್ನಡ ಕೇಳಿಬಂದದ್ದು ಅದೇ ಮೊದಲು. ಅವರೇ ಮುಖ್ಯಮಂತ್ರಿಯಾಗಿದ್ದಾಗ 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ದೇಶದ ಸಂಸತ್ತಿನಲ್ಲಿ ಸಲ್ಲುವ ಮಾತು ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರದ ಪ್ರಶ್ನೆಪತ್ರಿಕೆಯಲ್ಲಿ ಸಲ್ಲದೆಂದರೆ ಜನ ಒಪ್ಪುವುದು ಹೇಗೆ?

ನಮ್ಮವರಲ್ಲೇ ಕೆಲವರು ಬೇರೆ ರೀತಿ ಕೇಳುತ್ತಾರೆ: ಕಾರ್ಮಿಕನ ಮಗ ಎಂ.ಬಿ.ಎ. ಮಾಡಿ ಏನು ಮಾಡಬೇಕು, ಮ್ಯಾನೇಜರಾಗಿ ಬಂದು ಕಾರ್ಮಿಕನ ಕೂಲಿಯನ್ನೇ ಕತ್ತರಿಸುವುದೇ? ಪ್ರಶ್ನೆ ಸುಳ್ಳಲ್ಲ, ಹಾಗೆ ಮಾಡುವವರೂ ಉಂಟು. ಆದರೆ ದಾವಣಗೆರೆಯ ಅನುಭವವನ್ನು ನೆನೆಯೋಣ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರಿದು. ಹತ್ತಿ ಗಿರಣಿಗಳ ಸೈರನ್ನುಗಳು ಒಂದೊಂದಾಗಿ ನಿಂತವು. ಕಂಪನಿ ನಷ್ಟದಲ್ಲಿದೆ ಎಂದು ಮಾಲೀಕ ಹೇಳಿದರೆ ನಷ್ಟ ಎಲ್ಲಿ, ಸವಕಳಿ ಎಷ್ಟು ಬರೆದಿದ್ದಾರೆ, ಸಾಲ ಯಾರಿಗೆ ಹೋಗಿದೆ ಎಂದು ಜಮಾಖರ್ಚಿನ ತಖ್ತೆ ಬಿಚ್ಚಿ ಕೇಳುವವರು ಕಾರ್ಮಿಕರ ಕಡೆಯಲ್ಲೂ ಇರಬೇಕು. ಲೆಕ್ಕ ಓದುವ ವಿದ್ಯೆ ಒಂದೇ ಕಡೆ ಇದ್ದರೆ ಮಾತುಕತೆಯ ಮೇಜು ಹೆಸರಿಗೆ ಮಾತ್ರ ಮೇಜು. ಇನ್ನು ಸಹಕಾರ ಸಂಘಗಳಿವೆ. ಚನ್ನಗಿರಿಯ ಅಡಿಕೆ ಬೆಳೆಗಾರರು ತುಮ್‌ಕೋಸ್ ಎಂಬ ಸಂಘ ಕಟ್ಟಿಕೊಂಡಿದ್ದಾರೆ. ಹೊನ್ನಾಳಿಯ ಭತ್ತಕ್ಕೆ, ಜಗಳೂರಿನ ಮೆಕ್ಕೆಜೋಳಕ್ಕೆ, ದಾವಣಗೆರೆಯ ಮಂಡಕ್ಕಿ ಭಟ್ಟಿಯವರಿಗೆ ಅಷ್ಟೇ ಬಲದ ಸಂಘ ಬೇಡವೇ? ಮಾರುಕಟ್ಟೆಯನ್ನು ಓದಬಲ್ಲ, ಗೋದಾಮು ನಡೆಸಬಲ್ಲ, ಬ್ಯಾಂಕಿನೊಡನೆ ಸರಿಸಮನಾಗಿ ಕೂತು ಮಾತನಾಡಬಲ್ಲ ಮಕ್ಕಳು ಈ ಊರುಗಳಿಂದಲೇ ಬರಬೇಕು. ಬೆಂಗಳೂರಿನ ಸಂಸ್ಥೆಯ ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿ ದಾಟಿದೆ. ಅಷ್ಟು ಸಾಲ ಹೊತ್ತು ಓದಿದವನು ಹಳ್ಳಿಯ ಸೊಸೈಟಿಗೆ ಬಂದಾನೇ? ಆದ್ದರಿಂದಲೇ 2009ರಲ್ಲಿ ಆದ ನಮ್ಮ ದಾವಣಗೆರೆ ವಿಶ್ವವಿದ್ಯಾಲಯದಂಥ ಕಡೆಯ ಸರ್ಕಾರಿ ಸೀಟು, ಅದಕ್ಕೆ ದಾರಿಯಾದ ಪಿ.ಜಿ.ಸಿ.ಇ.ಟಿ. ನಮಗೆ ಮುಖ್ಯ.

ಕೊನೆಗೆ ತಯಾರಿಯ ಅನುಕೂಲದ ಮಾತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರಿಗೂ ರೈಲಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನೊಳಗಿತ್ತು. ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರನ್ನೂ ಅದು ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಕೋಚಿಂಗ್ ಇರುವುದು ದಾವಣಗೆರೆಯಲ್ಲಿ, ಶಿವಮೊಗ್ಗದಲ್ಲಿ, ಬೆಂಗಳೂರಿನಲ್ಲಿ. ಜಗಳೂರಿನ ಹುಡುಗಿ ಐವತ್ತು ಕಿಲೋಮೀಟರ್ ಹತ್ತಿರ ಬಸ್ಸಿನಲ್ಲಿ ಬಂದು, ಸಂಜೆಯ ಪಾಠ ಮುಗಿಸಿ, ಕತ್ತಲಲ್ಲಿ ಮನೆ ಸೇರುವುದು ಎಷ್ಟು ದಿನ ನಡೆದೀತು? ಮನೆಯವರು ಒಂದು ವಾರಕ್ಕೆ ಸಾಕು ಎನ್ನುತ್ತಾರೆ, ಅವಳ ಓದು ಅಲ್ಲಿಗೆ ನಿಂತಿತು. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಒಂದು ಕೋಣೆಯನ್ನು ಮಧ್ಯಾಹ್ನದ ತರಗತಿ ಮುಗಿದ ಮೇಲೆ ಎರಡು ಗಂಟೆ ತೆರೆದಿಡಲಿ. ಲೆಕ್ಕಕ್ಕೆ ಪ್ರೌಢಶಾಲೆಯ ಮೇಷ್ಟರೊಬ್ಬರು, ಇಂಗ್ಲಿಷಿಗೆ ಕಾಲೇಜಿನ ಅಧ್ಯಾಪಕರೊಬ್ಬರು. ಅವರ ಗೌರವಧನವನ್ನು ಉನ್ನತ ಶಿಕ್ಷಣ ಇಲಾಖೆ ಕೊಡಲಿ. ಇಲಾಖೆ ಏಳುವವರೆಗೆ ಕಾದು ಕೂರಬೇಕಾಗಿಲ್ಲ. ವರ್ತಕರ ಸಂಘದವರು ಒಂದು ದೀಪ, ಒಂದು ಹಲಗೆ, ಎರಡು ಇಂಗ್ಲಿಷ್ ಪತ್ರಿಕೆಗಳ ಚಂದಾ ವಹಿಸಿಕೊಳ್ಳಬಹುದು. ಕಾರ್ಮಿಕ ಸಂಘದ ಕೋಣೆ ರಾತ್ರಿ ಎಂಟರವರೆಗೆ ಖಾಲಿಯೇ ಇರುತ್ತದೆ.

ಪರೀಕ್ಷಾ ಪ್ರಾಧಿಕಾರ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ತನ್ನ ಜಾಲತಾಣದಲ್ಲಿ ಹಾಕಿದೆ, ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಐದು ವರ್ಷದವನ್ನು ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಹೊಲಿಸಿಟ್ಟರೆ ಒಂದು ಊರಿನ ಮಕ್ಕಳಿಗೆಲ್ಲ ಸಾಕು. ಗಡಿಯಾರ ಮುಂದಿಟ್ಟುಕೊಂಡು ಭಾನುವಾರಕ್ಕೊಂದರಂತೆ ಬರೆಯಲಿ. ಬರೆದ ಮೇಲೆ ತಪ್ಪಿದ ಪ್ರಶ್ನೆಗಳನ್ನು ಎರಡು ರಾಶಿ ಮಾಡಲಿ: ಲೆಕ್ಕ ಬಾರದೆ ತಪ್ಪಿದವು ಒಂದು ಕಡೆ, ಇಂಗ್ಲಿಷ್ ಅರ್ಥವಾಗದೆ ತಪ್ಪಿದವು ಇನ್ನೊಂದು ಕಡೆ. ಎರಡನೆಯ ರಾಶಿಯ ಎಣಿಕೆಯನ್ನು ನಮಗೆ ಬರೆದು ಕಳಿಸಿರಿ. ನಾಲ್ಕೂ ತಾಲ್ಲೂಕಿನದು ಬಂದ ಮೇಲೆ ಅದನ್ನು ಅರ್ಜಿಗೆ ಲಗತ್ತಿಸಿ ಉನ್ನತ ಶಿಕ್ಷಣ ಮಂತ್ರಿಗಳಿಗೆ ಕೊಡುತ್ತೇವೆ.